ಕಂಪ್ಲೇಂಟ್ ಕೊಟ್ಟಿಲ್ಲ ಅಂದ್ರೆ ಹೊಡೆದಿದ್ದು ಸುಳ್ಳಾಗತ್ತಾ?

ಪ್ರಶ್ನೆ: ಮೇಡಂ, ನಾವು ನಾಲ್ಕು ವರ್ಷ ಇಂಗ್ಲೆಂಡಲ್ಲಿದ್ವಿ. ಗಂಡ ಹೊಡೀತಿದ್ರು, ಎಷ್ಟೋ ಸಲ ಮಗಳ ಎದುರಿಗೇ. ಹೋದ ವರ್ಷ ಆರು ವರ್ಷದ ಮಗಳನ್ನ ಕರ್ಕೊಂಡು ತವರಿಗೆ ಬಂದ್ಬಿಟ್ಟೆ. ಮಗು ವಾಪಸ್ ಕಳಿಸಿ ಅಂತ ಅವ್ರು ಅಲ್ಲಿನ ಕೋರ್ಟಿಂದ ಆರ್ಡರ್ ತಂದಿದ್ದಾರೆ, ಇಲ್ಲೂ ಫ್ಯಾಮಿಲಿ ಕೋರ್ಟಲ್ಲಿ ದಿನಾ ವಿಡಿಯೋ ಕಾಲ್ ಬೇಕು, ರಜಕ್ಕೆ ಮಗು ಕಳಿಸ್ಬೇಕು ಅಂತ ಅರ್ಜಿ ಹಾಕಿದ್ದಾರೆ. ಅಲ್ಲಿ ನಾನು ಪೊಲೀಸ್ ಕಂಪ್ಲೇಂಟ್ ಕೊಟ್ಟಿರ್ಲಿಲ್ಲ. ಈಗ ಹೇಳಿದ್ರೆ ನಂಬ್ತಾರಾ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ತಂಗಿ, ಕಂಪ್ಲೇಂಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಮಾತು ಬಿದ್ದೋಗಲ್ಲ. ಇದು ಕ್ರಿಮಿನಲ್ ಕೇಸಲ್ಲ, ಸಂಶಯಕ್ಕೇ ಜಾಗ ಇಲ್ದಂಗೆ ಸಾಬೀತು ಮಾಡ್ಬೇಕಾಗಿಲ್ಲ, ಯಾವುದು ನಡೆದಿರೋ ಸಾಧ್ಯತೆ ಹೆಚ್ಚು ಅಂತ ನೋಡ್ತಾರೆ ಅಷ್ಟೇ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಬೇರೆ ಕೋರ್ಟಲ್ಲಿ ಸಾಕ್ಷಿ ಅಂತ ನಿಲ್ಲದ ಕಾಗದನೂ ಉಪಯೋಗ ಆಗತ್ತೆ ಅನ್ಸಿದ್ರೆ ಜಡ್ಜ್ ತಗೋಬಹುದು. ಏಟು ಬಿದ್ದ ರಾತ್ರಿ ಅಕ್ಕಂಗೆ ಕಳಿಸಿದ ವಾಟ್ಸಾಪ್ ಮೆಸೇಜು, ಅಲ್ಲಿನ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರ ಹತ್ರ ಹೋದಾಗ ಅವ್ರು ಬರ್ಕೊಂಡ ನೋಟು, ಸ್ಕೂಲ್ ಟೀಚರ್ ಈಮೇಲು, ಇವೆಲ್ಲ ಜಗಳ ಕೋರ್ಟಿಗೆ ಬರೋಕೆ ಮುಂಚಿನವು ಅನ್ನೋದೇ ಅವುಗಳ ತೂಕ. ಆ ಹಳೇ ಮೊಬೈಲ್ ದಯವಿಟ್ಟು ಎಕ್ಸ್‌ಚೇಂಜ್‌ಗೆ ಕೊಡ್ಬೇಡಿ.

ಆರ್ಡರ್ ವಿಷ್ಯ. ಒಂದು ದೇಶದಿಂದ ಇನ್ನೊಂದಕ್ಕೆ ಕರ್ಕೊಂಡು ಹೋದ ಮಗೂನ ವಾಪಸ್ ಕಳಿಸೋ ಬಗ್ಗೆ ಇರೋ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಆರ್ಡರ್ ಬಂದ ತಕ್ಷಣ ಮಗು ಕಳಿಸ್ಬೇಕು ಅಂತಿಲ್ಲ. 2017ರ ನಿತ್ಯಾ ಆನಂದ್ ರಾಘವನ್ ಕೇಸೂ ಇಂಗ್ಲೆಂಡಿಂದೇ, ಅದ್ರಲ್ಲಿ ಸುಪ್ರೀಂ ಕೋರ್ಟು ವಿದೇಶಿ ಆರ್ಡರನ್ನೂ ಲೆಕ್ಕಕ್ಕೆ ತಗೋತೀವಿ ಆದ್ರೆ ಮಗು ಹಿತನೇ ಮೊದಲು ಅಂದು ಮಗಳನ್ನ ತಾಯಿ ಹತ್ರನೇ ಉಳಿಸ್ತು. ಅಷ್ಟಕ್ಕೇ ನಿಶ್ಚಿಂತೆ ಆಗ್ಬೇಡಿ, 2020ರ ಯಶಿತಾ ಸಾಹು ಕೇಸಲ್ಲಿ ತಾಯಿಗೆ ಮಗು ಕರ್ಕೊಂಡು ಅಮೆರಿಕಕ್ಕೆ ವಾಪಸ್ ಹೋಗಿ ಅಂದ್ರು. ನಿಮ್ಮವ್ರು ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಮಗೂನ ಕೋರ್ಟ್ ಮುಂದೆ ಕರ್ಕೊಂಡು ಬರ್ಲಿ ಅನ್ನೋ ಅರ್ಜಿ ಹಾಕಿದ್ರೆ ಅಲ್ಲಿ ಹೆಚ್ಚಾಗಿ ಅಫಿಡವಿಟ್ ಮೇಲೇ ತೀರ್ಮಾನ, ಅದಕ್ಕೇ ಮೊದಲ ಅಫಿಡವಿಟ್ಟಲ್ಲೇ ತಾರೀಖು, ರೂಮು, ಮಗು ಆಗ ಎಲ್ಲಿ ನಿಂತಿತ್ತು ಎಲ್ಲಾ ಬರೀರಿ. "ಕಿರುಕುಳ ಕೊಟ್ಟರು" ಅನ್ನೋ ಒಂದು ಸಾಲಿಂದ ಏನೂ ಆಗಲ್ಲ, ತಿಂಗಳು ತಿಂಗಳಿಗೆ ಹೊಸ ಆರೋಪ ಸೇರಿಸ್ತಾ ಹೋದ್ರೆ ನಿಜವಾಗಿದ್ದನ್ನೂ ನಂಬಲ್ಲ.

ಅವ್ರ ವಕೀಲರು ಖಂಡಿತ ಕೇಳ್ತಾರೆ, ಹೆಂಡ್ತಿಗೆ ಹೊಡೆದಿರಬಹುದು, ಮಗೂಗೆ ಮುಟ್ಟಿದ್ದಾರಾ ಅಂತ. ಈ ಮಾತು ಕೇಳಿದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ. ಇಂಗ್ಲೆಂಡಿನ 2021ರ ಡೊಮೆಸ್ಟಿಕ್ ಅಬ್ಯೂಸ್ ಕಾಯ್ದೆನೇ ಹೊಡೆತ ಕಂಡು, ಕೇಳಿ ನಲುಗಿದ ಮಗೂನೂ ಸಂತ್ರಸ್ತೆ ಅನ್ನತ್ತೆ, ಅದನ್ನ ನಿಮ್ಮ ವಕೀಲರಿಗೆ ತೋರ್ಸಿ. ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್ನಲ್ಲೂ, ಭೇಟಿಯಿಂದ ಮಗೂಗೆ ತೊಂದ್ರೆ ಅನ್ಸಿದ್ರೆ ಮ್ಯಾಜಿಸ್ಟ್ರೇಟ್ ಭೇಟಿನೇ ಬೇಡ ಅನ್ಬೇಕು ಅಂತಿದೆ.

ಮಗಳನ್ನ ಜಡ್ಜ್ ಚೇಂಬರಿಗೆ ಕರೆದು ಮಾತಾಡಿಸಬಹುದು, ಕೌನ್ಸೆಲರ್ ಹತ್ರ ಕಳಿಸಬಹುದು. ಏನೂ ಹೇಳ್ಕೊಡ್ಬೇಡಿ ತಂಗಿ. ನಾನು ನಡೆಸಿದ ಒಂದು ಕೇಸಲ್ಲಿ ಏಳು ವರ್ಷದ ಹುಡುಗ "ಅಪ್ಪ ಮಾನಸಿಕ ಹಿಂಸೆ ಕೊಡ್ತಾರೆ" ಅಂದ, ಕೌನ್ಸೆಲರ್ ಪೆನ್ನು ಕೆಳಗಿಟ್ರು. ಇನ್ನೊಂದು ಮಗು ಅಪ್ಪನ ಬಗ್ಗೆ ಕೆಟ್ಟದ್ದೇ ಹೇಳ್ಲಿಲ್ಲ, ಗ್ಲಾಸ್ ಬಿದ್ದ ಸದ್ದಾದ್ರೆ ನಾನು ಬೀರು ಹಿಂದೆ ಹೋಗಿ ನೂರರವರೆಗೆ ಎಣಿಸ್ತೀನಿ ಅಂತು, ರಿಪೋರ್ಟಲ್ಲಿ ಆ ಸಾಲು ಹಾಗ್ಹಾಗೇ ಬಂತು.

ವಿಡಿಯೋ ಕಾಲ್ ಪೂರ್ತಿ ನಿಲ್ಲಿಸಿ ಅಂತ ಕೇಳಿದ್ರೆ ಸಿಗೋದು ಕಷ್ಟ, ಯಶಿತಾ ಕೇಸಲ್ಲೇ ದಿನಾ ಐದ್ಹತ್ತು ನಿಮಿಷ ಮಾತಾಡೋ ಹಕ್ಕಿದೆ ಅಂದಿದ್ದಾರೆ. ಮಗಳು ಕಾಲ್ ಆದ್ಮೇಲೆ ಹಾಸಿಗೆ ಒದ್ದೆ ಮಾಡ್ಕೋತಿದ್ರೆ, ಬೆಚ್ಚಿ ಬೀಳ್ತಿದ್ರೆ ಮಕ್ಕಳ ಮನೋವೈದ್ಯರಿಗೆ ತೋರ್ಸಿ ಆ ರಿಪೋರ್ಟ್ ಹಾಕಿ, ಆಗ ಮಾತು ಬೇರೆ. ಇಲ್ದಿದ್ರೆ ಷರತ್ತು ಕೇಳಿ: ಸಂಜೆ ಆರೂವರೆಗೆ, ಅಲ್ಲಿ ಮಧ್ಯಾಹ್ನ ಒಂದೋ ಎರಡೋ ಆಗಿರತ್ತೆ, ಪಕ್ಕದಲ್ಲಿ ಅಜ್ಜ ಕೂತಿರ್ಲಿ, ಅಮ್ಮನ ವಿಷ್ಯ, ಸ್ಕೂಲ್ ವಿಷ್ಯ ಕೇಳೋ ಹಾಗಿಲ್ಲ. ಅವ್ರೇ ಬಂದು ನೋಡೋದಾದ್ರೆ ಕೋರ್ಟ್ ಆವರಣದಲ್ಲೇ ಆಗ್ಲಿ, ಮಗು ಪಾಸ್‌ಪೋರ್ಟ್ ಕೋರ್ಟಲ್ಲಿರ್ಲಿ.

ಜಿಪಿಗೆ ನಿಮ್ದೂ ಮಗಳದ್ದೂ ರೆಕಾರ್ಡ್ ಕಾಪಿ ಕೇಳಿ ಇವತ್ತೇ ಈಮೇಲ್ ಹಾಕಿ, ಕಳಿಸೋಕೆ ಅವ್ರಿಗೆ ಒಂದು ತಿಂಗಳು ಟೈಮಿದೆ.