ಧೂಳು ಮುಚ್ಚಿದ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಹುಟ್ಟುವ ವೇಗವನ್ನು ಹೇಗೆ ಅಳೆಯುತ್ತಾರೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಆರ್ಪ್ 220 ಎಂಬ ಗೆಲಾಕ್ಸಿಯಲ್ಲಿ ವರ್ಷಕ್ಕೆ 250 ಸೂರ್ಯರಷ್ಟು ಅನಿಲ ನಕ್ಷತ್ರಗಳಾಗಿ ಮಾರ್ಪಡುತ್ತಿದೆ ಎಂದು ನೀವು ಒಂದು ಕಡೆ ಓದಿದ್ದೀರಿ, ಇನ್ನೊಂದು ಕಡೆ ಅದೇ ಸಂಖ್ಯೆ 160 ಎಂದಿದೆ, ಒಳಗಿನದೇನೂ ಕಾಣದಷ್ಟು ಧೂಳು ಅಲ್ಲಿರುವಾಗ ಈ ಲೆಕ್ಕ ಬಂದದ್ದಾದರೂ ಎಲ್ಲಿಂದ, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇಂಥ ಗೆಲಾಕ್ಸಿಗಳ ದತ್ತಾಂಶದ ಜೊತೆಗೇ ನಾನು ಕೆಲವು ವರ್ಷ ಕಳೆದಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ತಿಳಿದಿರಬೇಕಾದದ್ದು, ಹುಟ್ಟುತ್ತಿರುವ ನಕ್ಷತ್ರಗಳನ್ನು ಯಾರೂ ಎಣಿಸುವುದಿಲ್ಲ ಎಂಬುದು. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದಲ್ಲಿ ಸೂರ್ಯನಂಥ ಒಂದೊಂದು ನಕ್ಷತ್ರವನ್ನು ಬಿಡಿಬಿಡಿಯಾಗಿ ನೋಡಲು ಆಗದು. ನಮಗೆ ಸಿಗುವುದು ಭಾರಿ ನಕ್ಷತ್ರಗಳ ಬೆಳಕು ಮಾತ್ರ. ಸೂರ್ಯನ ಹತ್ತಾರು ಪಟ್ಟು ದ್ರವ್ಯರಾಶಿಯ ನಕ್ಷತ್ರ ಲಕ್ಷಾಂತರ ಸೂರ್ಯರಷ್ಟು ಪ್ರಕಾಶದಿಂದ ಉರಿದು, ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತದೆ; ಸೂರ್ಯನ ಆಯುಸ್ಸು ಸುಮಾರು 1,000 ಕೋಟಿ ವರ್ಷ. ಆದ್ದರಿಂದ ಎಲ್ಲಿ ಅಂಥ ನಕ್ಷತ್ರಗಳ ಬೆಳಕು ಕಾಣುತ್ತದೆಯೋ ಅಲ್ಲಿ ಹುಟ್ಟು ಈಗಲೂ ನಡೆಯುತ್ತಿದೆ ಎಂದು ಖಚಿತವಾಗಿ ಹೇಳಬಹುದು. ಒಂದು ಭಾರಿ ನಕ್ಷತ್ರದ ಜೊತೆಗೆ ಎಷ್ಟು ಚಿಕ್ಕ ನಕ್ಷತ್ರಗಳು ಹುಟ್ಟಿರುತ್ತವೆ ಎಂಬುದನ್ನು ನಮ್ಮ ನೆರೆಯ ಆಕಾಶದಲ್ಲಿ ಕಂಡ ಹಂಚಿಕೆಯಿಂದ ಊಹಿಸಿ, ಒಟ್ಟು ರಾಶಿಯನ್ನು ಲೆಕ್ಕ ಹಾಕುತ್ತೇವೆ. ಈ ಊಹೆಯನ್ನು ನೆನಪಿನಲ್ಲಿಡಿ, ನಿಮ್ಮ ಎರಡು ಸಂಖ್ಯೆಗಳ ಜಗಳಕ್ಕೆ ಮೂಲ ಅದೇ.

ಧೂಳು ಕಡಿಮೆ ಇರುವ ಗೆಲಾಕ್ಸಿಯಾದರೆ ಕೆಲಸ ಹೆಚ್ಚು ಕಷ್ಟವಲ್ಲ. ಭಾರಿ ನಕ್ಷತ್ರಗಳ ನೇರಳಾತೀತ ಬೆಳಕನ್ನೇ ಅಳೆಯಬಹುದು, ಇಲ್ಲವೇ ಆ ಬೆಳಕು ಬಡಿದು ಜಲಜನಕ ಹೊಮ್ಮಿಸುವ 656.3 ನ್ಯಾನೊಮೀಟರಿನ ಕೆಂಪು ರೇಖೆ, ಅಂದರೆ ಎಚ್-ಆಲ್ಫಾವನ್ನು ಅಳೆಯಬಹುದು. ನಡುವೆ ಅಲ್ಪಸ್ವಲ್ಪ ಧೂಳಿದ್ದರೆ ಅದನ್ನು ಸರಿದೂಗಿಸುವ ಉಪಾಯವೂ ಇದೆ: ಎಚ್-ಆಲ್ಫಾ ಮತ್ತು ಜಲಜನಕದ್ದೇ ನೀಲಿ ರೇಖೆಯಾದ ಎಚ್-ಬೀಟಾ ಇವುಗಳ ಅನುಪಾತ ಧೂಳಿಲ್ಲದಾಗ 2.86ರ ಹತ್ತಿರ ಇರಬೇಕು; ಧೂಳು ನೀಲಿಯನ್ನು ಹೆಚ್ಚು ನುಂಗುವುದರಿಂದ ಅನುಪಾತ ಏರುತ್ತದೆ, ಎಷ್ಟು ಏರಿದೆ ಎಂಬುದರಿಂದ ಎಷ್ಟು ಬೆಳಕು ನಷ್ಟವಾಯಿತೆಂದು ಲೆಕ್ಕ ಹಾಕುತ್ತಾರೆ.

ಈ ತಿದ್ದುಪಡಿ ಆರ್ಪ್ 220ರಂಥಲ್ಲಿ ಸೋಲುತ್ತದೆ. ಏಕೆ ಸೋಲುತ್ತದೆ ಎಂಬುದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಧೂಳು ಗಾಜಿನ ಮುಂದೆ ಇಳಿಬಿಟ್ಟ ಪರದೆಯಂತೆ ಎದುರಿಗಷ್ಟೇ ಇದ್ದಿದ್ದರೆ ತಿದ್ದುಪಡಿ ನಡೆಯುತ್ತಿತ್ತು. ಇಲ್ಲಿ ಧೂಳು, ಅನಿಲ, ನಕ್ಷತ್ರ ಎಲ್ಲ ಒಂದರೊಳಗೊಂದು ಕಲಸಿಹೋಗಿವೆ. ಆಳದಿಂದ ಹೊರಟ ಎರಡೂ ರೇಖೆಗಳು ಪೂರ್ತಿಯಾಗಿ ಅಳಿಸಿಹೋಗಿ, ಹೊರಗಿನ ತೆಳ್ಳನೆಯ ಸಿಪ್ಪೆಯಿಂದ ಬಂದ ಬೆಳಕು ಮಾತ್ರ ನಮ್ಮನ್ನು ತಲುಪುತ್ತದೆ. ನಾವು ಎಷ್ಟೇ ಶ್ರದ್ಧೆಯಿಂದ ತಿದ್ದಿದರೂ ತಿದ್ದುವುದು ಆ ಸಿಪ್ಪೆಯ ಬೆಳಕನ್ನು. ಒಳಗಿನ ತಿರುಳಿನ ಬಗ್ಗೆ ಆ ಅನುಪಾತಕ್ಕೆ ಏನೂ ಗೊತ್ತಿಲ್ಲ. ನಾನು ಮೊದಲ ಬಾರಿ ಲೆಕ್ಕ ಮಾಡಿದಾಗ ತಿದ್ದುಪಡಿಯ ನಂತರವೂ ಬಂದ ಉತ್ತರ, ಅವಕೆಂಪು ಎಂಬ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಅಳೆದು ಪಡೆದ ಉತ್ತರದ ಚಿಕ್ಕ ಭಾಗವಷ್ಟೇ ಆಗಿತ್ತು. ಎಲ್ಲೋ ಏಕಮಾನ ತಪ್ಪಿರಬೇಕೆಂದು ಎರಡು ವಾರ ಹುಡುಕಿದೆ. ತಪ್ಪು ಏಕಮಾನದಲ್ಲಿ ಇರಲಿಲ್ಲ.

ಧೂಳು ಬೆಳಕನ್ನು ಮುಚ್ಚಬಹುದೇ ಹೊರತು ಶಕ್ತಿಯನ್ನು ಇಲ್ಲವಾಗಿಸಲಾರದು. ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೈ ಹತ್ತಿರ ಒಯ್ದರೆ ಬಿಸಿ ತಟ್ಟುತ್ತದೆ, ಇಲ್ಲಿಯೂ ಹಾಗೆಯೇ. ನೇರಳಾತೀತ ಬೆಳಕನ್ನು ಕುಡಿದ ಧೂಳಿನ ಕಣಗಳು 40 ಕೆಲ್ವಿನ್ ಆಸುಪಾಸಿಗೆ, ಅಂದರೆ ಸೊನ್ನೆಗಿಂತ ಸುಮಾರು 233 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಗೆ ಬಂದು, ಆ ಶಕ್ತಿಯನ್ನು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ತರಂಗಾಂತರದ ಸುತ್ತಮುತ್ತಲಿನ ಅವಕೆಂಪು ಕಿರಣಗಳಾಗಿ ಹೊರಬಿಡುತ್ತವೆ. ಭೂಮಿಯ ವಾತಾವರಣ ಈ ಕಿರಣಗಳನ್ನು ತಡೆಯುವುದರಿಂದ ಅವನ್ನು ಬಾಹ್ಯಾಕಾಶಕ್ಕೆ ಹೋಗಿಯೇ ಅಳೆಯಬೇಕು. 1983ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ಸೇರಿ ಹಾರಿಸಿದ ಐರಾಸ್ ಉಪಗ್ರಹ, ತನ್ನನ್ನು ತಂಪಾಗಿಡುವ ದ್ರವ ಹೀಲಿಯಂ ತೀರುವವರೆಗಿನ ಹತ್ತು ತಿಂಗಳಲ್ಲಿ ಬಹುತೇಕ ಇಡೀ ಆಕಾಶವನ್ನು 12, 25, 60 ಮತ್ತು 100 ಮೈಕ್ರಾನ್‌ಗಳಲ್ಲಿ ಅಳೆಯಿತು. ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ ವಿಚಿತ್ರ ಗೆಲಾಕ್ಸಿಗಳ ಪಟ್ಟಿಯಲ್ಲಿ 220ನೆಯದಾಗಿ ಕೂತಿದ್ದ ಮಂಕಾದ ಗೆಲಾಕ್ಸಿಯೊಂದು, ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚಿನ ಶಕ್ತಿಯನ್ನು ಅವಕೆಂಪಿನಲ್ಲಿ ಸುರಿಯುತ್ತಿದೆ ಎಂಬುದು ಗೊತ್ತಾದದ್ದು ಹೀಗೆ.

ಆ ಅಳತೆಗಳನ್ನು ಒಮ್ಮೆ ನೋಡಿ. ನಮ್ಮನ್ನು ತಲುಪುವ ಕಿರಣಗಳ ತೀವ್ರತೆಯನ್ನು ಹೇಳುವ ಜಾನ್ಸ್ಕಿ ಎಂಬ ಏಕಮಾನದಲ್ಲಿ 12 ಮೈಕ್ರಾನ್‌ನಲ್ಲಿ ಸುಮಾರು 0.6, 25ರಲ್ಲಿ 8, 60ರಲ್ಲಿ 104, 100ರಲ್ಲಿ 115. ಇಷ್ಟು ಕಡಿದಾಗಿ ಏರುವ ಸಾಲು ತಣ್ಣನೆಯ, ದಟ್ಟವಾದ ಧೂಳಿನ ಗುರುತು. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರವನ್ನು ಸೇರಿಸಿ ಒಟ್ಟು ಮಾಡಿದರೆ ಒಂದೂವರೆ ಲಕ್ಷ ಕೋಟಿ ಸೂರ್ಯರಷ್ಟು ಅವಕೆಂಪು ಪ್ರಕಾಶ ಸಿಗುತ್ತದೆ. ಖಗೋಳವಿಜ್ಞಾನಿ ರಾಬರ್ಟ್ ಕೆನಿಕಟ್ 1998ರಲ್ಲಿ ಕೊಟ್ಟ ಗುಣಕದಂತೆ, ಪ್ರತಿ 1,000 ಕೋಟಿ ಸೂರ್ಯರ ಅವಕೆಂಪು ಪ್ರಕಾಶಕ್ಕೆ ವರ್ಷಕ್ಕೆ ಒಟ್ಟು ಸುಮಾರು 1.7 ಸೌರರಾಶಿಯಷ್ಟು (ಒಂದು ಸೌರರಾಶಿ ಅಂದರೆ ಸೂರ್ಯನ ದ್ರವ್ಯರಾಶಿ) ನಕ್ಷತ್ರಗಳು ಹುಟ್ಟುತ್ತಿವೆ ಎಂದು ಎಣಿಸಬೇಕು. 150ನ್ನು 1.7ರಿಂದ ಗುಣಿಸಿದರೆ 255. ನೀವು ಓದಿದ 250 ಇದೇ.

160 ಬಂದದ್ದು ಇದೇ ಅಳತೆಯಿಂದ. ಕೆನಿಕಟ್ ಬಳಸಿದ್ದು ಸಾಲ್ಪೀಟರ್ 1955ರಲ್ಲಿ ಸೂಚಿಸಿದ ಹಂಚಿಕೆಯನ್ನು; ಅದರ ಪ್ರಕಾರ ಒಂದು ಭಾರಿ ನಕ್ಷತ್ರದ ಜೊತೆ ತೀರ ಚಿಕ್ಕ ನಕ್ಷತ್ರಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಚಿಕ್ಕವು ಅಷ್ಟೊಂದು ಇಲ್ಲ ಎಂದು ಆಮೇಲಿನ ಎಣಿಕೆಗಳು ತೋರಿಸಿದ್ದರಿಂದ ಈಗ ಹೆಚ್ಚಿನವರು ಕ್ರೂಪ ಅಥವಾ ಶಾಬ್ರಿಯೆ ಹಂಚಿಕೆಯನ್ನು ಬಳಸುತ್ತಾರೆ, ಆಗ ಉತ್ತರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. ಗೆಲಾಕ್ಸಿ ಅದೇ, ಬೆಳಕು ಅದೇ. ಕಾಣದ ಚಿಕ್ಕ ನಕ್ಷತ್ರಗಳ ಬಗೆಗಿನ ಊಹೆ ಮಾತ್ರ ಬೇರೆ. ಯಾವ ಹಂಚಿಕೆ ಎಂದು ಹೇಳದೆ ಸಂಖ್ಯೆಯನ್ನಷ್ಟೇ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಇದಕ್ಕಿಂತ ಗಂಭೀರವಾದ ಸಂದೇಹ ಇನ್ನೊಂದಿದೆ: ಧೂಳನ್ನು ಕಾಯಿಸುತ್ತಿರುವುದು ಹೊಸ ನಕ್ಷತ್ರಗಳೇ ಹೌದೇ? ಶಾಂತವಾದ ಗೆಲಾಕ್ಸಿಗಳಲ್ಲಿ ಹಳೆಯ ನಕ್ಷತ್ರಗಳ ಬೆಳಕೂ ಧೂಳನ್ನು ಬೆಚ್ಚಗೆ ಮಾಡುತ್ತದೆ. ಅವಕೆಂಪಿನಲ್ಲಿ ಪ್ರಜ್ವಲಿಸುವ ಗೆಲಾಕ್ಸಿಗಳಲ್ಲಿ ಅದರ ಪಾಲು ಅಲ್ಪ, ಆದರೆ ನಡುವಿನಲ್ಲಿ ಅನಿಲವನ್ನು ನುಂಗುತ್ತಿರುವ ಕಪ್ಪುಕುಳಿ ಇದ್ದರೆ ಅದರ ಶಾಖವೂ ನಮ್ಮ ಲೆಕ್ಕದಲ್ಲಿ ನಕ್ಷತ್ರವೆಂದು ಸೇರಿಹೋಗುತ್ತದೆ. ಬೇರ್ಪಡಿಸಲು ಕೆಲವು ಸುಳಿವುಗಳಿವೆ. ಕಪ್ಪುಕುಳಿಯ ಸುತ್ತಲಿನ ಧೂಳು ಹೆಚ್ಚು ಬಿಸಿಯಾಗಿರುವುದರಿಂದ 25 ಮೈಕ್ರಾನ್‌ನ ಪಾಲು ಏರುತ್ತದೆ. ಆರ್ಪ್ 220ರಲ್ಲಿ ಅದು ಏರಿಲ್ಲ. 14.3 ಮೈಕ್ರಾನ್‌ನಲ್ಲಿ ನಿಯಾನ್ ಅಯಾನಿನ, ಅಂದರೆ ಹಲವು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ನಿಯಾನ್ ಪರಮಾಣುವಿನ, ಒಂದು ರೇಖೆ ಇದೆ. ಆ ಅಯಾನು ಮೂಡಲು ಸಾಮಾನ್ಯ ನಕ್ಷತ್ರಗಳಿಂದ ಸಿಗದಷ್ಟು ಚೈತನ್ಯದ ಬೆಳಕು ಬೇಕು, ಹಾಗಾಗಿ ಗೆಲಾಕ್ಸಿಯ ನಡುವಿನಲ್ಲಿ ಅದು ಕಂಡರೆ ಮೊದಲು ಕಪ್ಪುಕುಳಿಯನ್ನೇ ಸಂಶಯಿಸಬೇಕು. ಆದರೆ ಆರ್ಪ್ 220ರ ಪಶ್ಚಿಮ ತಿರುಳಿನಲ್ಲಿ ಧೂಳು ಎಷ್ಟು ದಟ್ಟವೆಂದರೆ ಮಿಲಿಮೀಟರ್ ತರಂಗಗಳೂ ಸರಾಗವಾಗಿ ಹೊರಬರುವುದಿಲ್ಲ. ಅಲ್ಲಿ ಈ ಸುಳಿವುಗಳೂ ಹೂತುಹೋಗಿರಬಹುದು.

ಅದಕ್ಕಾಗಿಯೇ ನನಗೆ ರೇಡಿಯೋ ಅಳತೆಗಳ ಮೇಲೆ ವಿಶೇಷ ಪ್ರೀತಿ. ಸೆಂಟಿಮೀಟರ್ ತರಂಗಾಂತರದ ರೇಡಿಯೋ ಅಲೆಗಳನ್ನು ಧೂಳು ತಡೆಯುವುದಿಲ್ಲ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚಿನ ರಾಶಿಯ ನಕ್ಷತ್ರ ಸಾಯುವಾಗ ಸೂಪರ್ನೋವಾ ಆಗಿ ಸಿಡಿಯುತ್ತದೆ, ಆ ಸಿಡಿತದ ರೇಡಿಯೋ ಹೊಳಪನ್ನು ಧೂಳಿನಾಚೆಯಿಂದಲೂ ಕಾಣಬಹುದು. ಕೇವಲ 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗೆಲಾಕ್ಸಿಯಲ್ಲಿ 2008ರಲ್ಲಿ ಸಿಡಿದ ನಕ್ಷತ್ರವೊಂದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಯಾರಿಗೂ ಕಾಣಲಿಲ್ಲ. ಮರುವರ್ಷ ರೇಡಿಯೋ ಚಿತ್ರಗಳಲ್ಲಿ ಪತ್ತೆಯಾಯಿತು. ಆರ್ಪ್ 220ರಲ್ಲಿ ಖಂಡಾಂತರದ ರೇಡಿಯೋ ದೂರದರ್ಶಕಗಳನ್ನು ಒಟ್ಟುಗೂಡಿಸಿ ನೋಡಿದವರು 1998ರಲ್ಲಿ ಹತ್ತಕ್ಕೂ ಹೆಚ್ಚು ಇಂಥ ಚುಕ್ಕೆಗಳನ್ನು ವರದಿ ಮಾಡಿದರು. ನಂತರ ಹೊಸದಾಗಿ ಕಾಣಿಸಿಕೊಂಡ ಚುಕ್ಕೆಗಳನ್ನು ಎಣಿಸಿ ವರ್ಷಕ್ಕೆ ಸುಮಾರು ನಾಲ್ಕು ಸಿಡಿತಗಳೆಂದು ಅಂದಾಜಿಸಿದರು. ಕ್ರೂಪ ಹಂಚಿಕೆಯಂತೆ ಒಟ್ಟು ಸರಿಸುಮಾರು 100 ಸೌರರಾಶಿಯಷ್ಟು ನಕ್ಷತ್ರಗಳು ಹುಟ್ಟಿದರೆ ಅವುಗಳಲ್ಲಿ ಒಂದು ಹೀಗೆ ಸಿಡಿಯುತ್ತದೆ. 160ಕ್ಕೆ ಒಂದೂವರೆಯೋ ಎರಡೋ ಆಗಬೇಕಿತ್ತು. ಶಾಖದಿಂದ ಬಂದ ಲೆಕ್ಕವೂ ಸಾವಿನಿಂದ ಬಂದ ಲೆಕ್ಕವೂ ಮೂರು ಪಟ್ಟಿನ ಒಳಗೆ ಕೂಡಿಕೊಳ್ಳುತ್ತವೆ. ಕೆಲವೇ ಸಿಡಿತಗಳನ್ನು ಎಣಿಸಿದ ಅಳತೆಗೆ ಇದು ಬಹಳ ಒಳ್ಳೆಯ ಹೊಂದಾಣಿಕೆ, ಮತ್ತು ಆ ಅವಕೆಂಪಿನಲ್ಲಿ ದೊಡ್ಡ ಪಾಲು ನಕ್ಷತ್ರಗಳದೇ ಎಂದು ನಾನು ನಂಬಲು ಮುಖ್ಯ ಕಾರಣವೂ ಇದೇ.

ನೇರಳಾತೀತದ ಅಳತೆ ಹಾಗಾದರೆ ನಿರುಪಯುಕ್ತವೇ ಎಂದು ನೀವು ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಅಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹಾರಿದ ಯುವಿಐಟಿ ಎಂಬ ನೇರಳಾತೀತ ದೂರದರ್ಶಕ ಧೂಳು ಕಡಿಮೆಯಿರುವ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳ ಗುಂಪುಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಧೂಳಿನ ಗೆಲಾಕ್ಸಿಯಲ್ಲಿ ಮಾತ್ರ ಅದೊಂದನ್ನೇ ನಂಬಬಾರದು. ವಿವಿ 114 ಎಂಬ ಡಿಕ್ಕಿ ಹೊಡೆಯುತ್ತಿರುವ ಜೋಡಿಯಲ್ಲಿ ನೇರಳಾತೀತದ ಚಿತ್ರ ಪಶ್ಚಿಮದ ಅರ್ಧವನ್ನಷ್ಟೇ ಬೆಳಗಿಸುತ್ತದೆ, ಪೂರ್ವದ ಅರ್ಧ ಅದರಲ್ಲಿ ಇಲ್ಲವೆನ್ನುವಷ್ಟು ಮಂಕು. ಅವಕೆಂಪಿನಲ್ಲಿ ನೋಡಿದರೆ ಆ ಪೂರ್ವ ಭಾಗವೇ ಹೊಳೆಯುತ್ತದೆ. ಜೇಮ್ಸ್ ವೆಬ್ ದೂರದರ್ಶಕ ತನ್ನ ಮೊದಲ ವರ್ಷದಲ್ಲೇ ನೋಡಿದ ಇಂಥ ಗೆಲಾಕ್ಸಿಗಳಲ್ಲಿ ವಿವಿ 114 ಕೂಡ ಒಂದು. ಹಾಗಾಗಿ ಹೊರಗೆ ತಪ್ಪಿಸಿಕೊಂಡು ಬಂದ ನೇರಳಾತೀತವನ್ನೂ ಧೂಳು ನುಂಗಿ ಅವಕೆಂಪಾಗಿ ಬಿಟ್ಟದ್ದನ್ನೂ ಕೂಡಿಸುವುದೇ ಈಗಿನ ರೂಢಿ. ಆರ್ಪ್ 220ರ ಲೆಕ್ಕದಲ್ಲಿ ಮೊದಲನೆಯದನ್ನು ಬಿಟ್ಟರೂ ಉತ್ತರ ಹೆಚ್ಚುಕಡಿಮೆ ಬದಲಾಗುವುದಿಲ್ಲ, ವಿವಿ 114ರ ಪಶ್ಚಿಮ ಭಾಗದಲ್ಲಿ ಬಿಟ್ಟರೆ ತಪ್ಪಾಗುತ್ತದೆ.