ಮೇವು-ಮಾತು: ಪೆಂಡಿ ಎಣಿಸಿ ಕೊಳ್ಳೋದು ಬಿಡಿ

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಈಗ ಪುಣೆ ಹತ್ತಿರ ಉರುಳಿ ಕಾಂಚನ್‌ನಲ್ಲಿ ಎಂಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು ಕಟ್ಟಿದ್ದೇವೆ. ಹೊಸದಾಗಿ ತಂದ ಜೋಳದ ಕಣಿಕೆ (ತೆನೆ ತೆಗೆದ ಒಣ ದಂಟು-ಗರಿ) ನೋಡೋಕೆ ಚೆನ್ನಾಗೇ ಇದೆ. ಆದರೆ ಹಸುಗಳು ದಂಟು ಬಿಟ್ಟುಬಿಡುತ್ತವೆ, ಹಾಲೂ ಇಳಿದಿದೆ. ಪರೀಕ್ಷೆ ಮಾಡಿಸೋದು ಹೇಗೆ?

ಉತ್ತರ: ನೂರು ಪೆಂಡಿಗೆ ಇಷ್ಟು ಅಂತ ಕೊಂಡಿರುತ್ತೀರಿ, ಅಲ್ವಾ? ತೊಂದರೆ ಅಲ್ಲೇ ಶುರು. ಒಬ್ಬರ ಪೆಂಡಿ ದಪ್ಪ, ಇನ್ನೊಬ್ಬರದು ಸಣ್ಣ, ಒಂದರಲ್ಲಿ ಗರಿ ತುಂಬಿರುತ್ತದೆ, ಇನ್ನೊಂದರಲ್ಲಿ ಬರೀ ದಂಟು. ಪ್ರೋಟೀನ್ ಹೆಚ್ಚಿರೋದು ಗರಿಯಲ್ಲಿ. ಹಿಂಗಾರಿನ ಮಾಲದಂಡಿ ತಳಿಯ ಕಣಿಕೆಗೂ ಮಳೆಗೆ ಸಿಕ್ಕ ಮುಂಗಾರಿ ಹೈಬ್ರಿಡ್ ಕಣಿಕೆಗೂ ಒಂದೇ ರೇಟು ಕೊಡೋದು ನನಗಂತೂ ಒಪ್ಪಿಗೆಯಿಲ್ಲ.

ಮೊದಲು ತೇವ ನೋಡಿ. ಗೆಣ್ಣಿನ ಭಾಗವೂ ಸೇರುವಂತೆ ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ಚೆನ್ನಾಗಿ ಒಣಗಿಸಿದ ಎರಡು ಚಮಚ ಉಪ್ಪಿನ ಜೊತೆ ಗಾಜಿನ ಬಾಟಲಿಗೆ ಹಾಕಿ ಒಂದೆರಡು ನಿಮಿಷ ಅಲ್ಲಾಡಿಸಿ. ಉಪ್ಪು ಗಂಟು ಕಟ್ಟಿದರೆ ತೇವ ಶೇ. 15ಕ್ಕಿಂತ ಜಾಸ್ತಿ ಇದೆ ಅಂತ. ಹೊರಗೆ ಗರಗರ ಅನ್ನುವ ದಂಟಿನೊಳಗೆ ಬೆಂಡು ಹಸಿ ಇರುತ್ತದೆ, ಅದಕ್ಕೇ ಗೆಣ್ಣು ಬೇಕು ಅಂದಿದ್ದು. ಶೇ. 22 ತೇವದ ಒಂದು ಟನ್ ಕೊಂಡರೆ 220 ಕಿಲೋ ನೀರಿಗೆ ದುಡ್ಡು ಕೊಟ್ಟ ಹಾಗೆ. ಮೇಲಿಂದ ಬೂಸ್ಟೂ ಬರುತ್ತದೆ.

ಲ್ಯಾಬಿಗೆ ಕಳಿಸೋದಾದರೆ ಮೇಲಿನ ಒಂದು ಪೆಂಡಿ ಕಿತ್ತು ಕಳಿಸಬೇಡಿ. ಬಣವೆಯ ಬೇರೆ ಬೇರೆ ಕಡೆಯಿಂದ ಹದಿನೈದು-ಇಪ್ಪತ್ತು ಪೆಂಡಿ ಎಳೆದು, ಒಂದೊಂದರಿಂದ ಸ್ವಲ್ಪ ಕತ್ತರಿಸಿ, ಹಾಳೆ ಮೇಲೆ ಕಲಸಿ ಅದರಲ್ಲಿ ಅರ್ಧ ಕಿಲೋ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಕಳಿಸಿ. ಒಣ ಅಂಶ, ಕಚ್ಚಾ ಪ್ರೋಟೀನ್, ಎನ್‌ಡಿಎಫ್, ಎಡಿಎಫ್ ಇಷ್ಟು ಕೇಳಿದರೆ ಸಾಕು. ಎನ್‌ಡಿಎಫ್ ಅಂದರೆ ಒಟ್ಟು ನಾರಿನ ಲೆಕ್ಕ, ಎಡಿಎಫ್ ಅಂದರೆ ಅದರೊಳಗೆ ಜೀರ್ಣವಾಗೋಕೆ ಕಷ್ಟವಾದ ಭಾಗದ ಲೆಕ್ಕ. ಎನ್‌ಡಿಎಫ್ ಏರಿದಷ್ಟೂ ಹೊಟ್ಟೆ ಬೇಗ ತುಂಬುತ್ತದೆ, ಹಸು ಕಡಿಮೆ ತಿನ್ನುತ್ತದೆ. ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ನಿಮ್ಮೂರಲ್ಲೇ ಇದೆ, ಮೇವಿನ ತಳಿಗಳ ಮೇಲೆ ಅವರ ಕೆಲಸ ದೊಡ್ಡದು, ಮೊದಲು ಅಲ್ಲೇ ವಿಚಾರಿಸಿ. ಶಿರವಳದ ಪಶುವೈದ್ಯಕೀಯ ಕಾಲೇಜೂ ದೂರವಲ್ಲ.

ರಿಪೋರ್ಟ್ ಬರೋವರೆಗೆ ಕುಟ್ಟಿ ಮಷಿನ್‌ನಲ್ಲಿ ಕತ್ತರಿಸಿ ಹಾಕಿ, ದಂಟು ಹಾಳಾಗೋದು ತಪ್ಪುತ್ತದೆ. ಆದರೆ ಕತ್ತರಿಸಿದ ಮಾತ್ರಕ್ಕೆ ಪ್ರೋಟೀನ್ ಏರಲ್ಲ. ಒಟ್ಟು ಮೇವಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿದ್ದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಸೊರಗುತ್ತವೆ. ಬರೀ ಕಣಿಕೆಯಲ್ಲಿ ಅಷ್ಟೂ ಸಿಗಲ್ಲ. ಕುದುರೆ ಮೆಂತ್ಯವನ್ನೋ (ನಿಮ್ಮಲ್ಲಿ ಲಸೂಣ ಘಾಸ್ ಅಂತಾರಲ್ಲ, ಅದೇ) ಹಿಂಡಿಯನ್ನೋ ಸೇರಿಸಲೇಬೇಕು. ಕಬ್ಬಿನ ವಾಡೆ (ತುದಿಯ ಸೋಗೆ) ಸುಮ್ನೆ ಸಿಗುತ್ತೆ ಅಂತ ಅದನ್ನೇ ಸುರಿಯಬೇಡಿ, ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಮೇವಿನ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ.

ಪ್ರಶ್ನೆ: ಗೋವಾದ ಫೋಂಡಾದಿಂದ. ಕೊಯ್ಲಿನ ಹೊತ್ತಿಗೆ ಮಳೆ ಬಂತು, ಭತ್ತದ ಹುಲ್ಲು ಮುಗ್ಗಲು ವಾಸನೆ. ಬೆಲ್ಲದ ನೀರು ಚಿಮುಕಿಸಿ ಹಾಕಬಹುದಾ? ಯೂರಿಯಾ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಬೇಡ. ಬೆಲ್ಲದ ಆಸೆಗೆ ದನ ತಿನ್ನುತ್ತದೆ ಅನ್ನೋದೇ ಅಪಾಯ. ಬೂಸ್ಟು ಹಿಡಿದ ಭತ್ತದ ಹುಲ್ಲಿನಿಂದ ಎಮ್ಮೆಗಳಿಗೆ ಡೆಗ್ನಾಲಾ ಅನ್ನೋ ರೋಗ ಬರುತ್ತದೆ, ಬಾಲ, ಕಿವಿ, ಕಾಲಿನ ತುದಿ ಕೊಳೆಯುತ್ತವೆ. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇದ್ದರೆ ಅದು ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗಲ್ಲ. ಬೂಸ್ಟು ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ.

ಯೂರಿಯಾ ಉಪಚಾರ ಒಳ್ಳೆಯ ಹುಲ್ಲಿಗೆ ಮಾತ್ರ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲು ಬಿಗಿದು 21 ದಿನ ಬಿಡಿ. ಶೇ. 3-4ರಷ್ಟಿದ್ದ ಪ್ರೋಟೀನ್ ಶೇ. 7ರ ಹತ್ತಿರ ಬರುತ್ತದೆ. ಹಾಕುವ ಮುಂಚೆ ಹರಡಿ ಅಮೋನಿಯಾ ಘಾಟು ಹೋಗಲು ಬಿಡಿ. ಆರು ತಿಂಗಳೊಳಗಿನ ಕರುಗಳಿಗೆ ಖಂಡಿತ ಬೇಡ. ಉಳಿದವಕ್ಕೂ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ.

ಮುಂದಿನ ಸಲ ಬಣವೆಯನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಅಟ್ಟಣಿಗೆ ಹಾಕಿ ಕಟ್ಟಿ. ಹೊಸ ಬಣವೆಯೊಳಗೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು ಸ್ವಲ್ಪ ಹೊತ್ತಿಗೆ ಎಳೆದು ನೋಡಿ. ಕೈಯಲ್ಲಿ ಹಿಡಿಯೋಕೆ ಆಗದಷ್ಟು ಬಿಸಿ ಇದ್ದರೆ ತಡಮಾಡದೆ ಬಿಚ್ಚಿ ಹರಡಿ. ನೀರು ಪಕ್ಕದಲ್ಲಿರಲಿ, ಗಾಳಿ ತಗುಲಿ ಬೆಂಕಿ ಹತ್ತುವುದೂ ಉಂಟು.

ಪ್ರಶ್ನೆ: ಮುಂಬೈನ ಗೋರೆಗಾಂವ್‌ನಿಂದ. ಹಸಿರಿದ್ದರೆ ಒಳ್ಳೆಯ ಹುಲ್ಲು ಅಂತಾನೆ ಮಾರುವವ. ನಿಜವಾ?

ಉತ್ತರ: ಅರ್ಧ ನಿಜ. ಬಿಸಿಲಿಗೆ ಬಣ್ಣ ಬಿಟ್ಟ ಹುಲ್ಲಿನಲ್ಲಿ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಹೋಗಿರುತ್ತದೆ, ಪ್ರೋಟೀನ್ ಬಹುಪಾಲು ಉಳಿದಿರುತ್ತದೆ. ಹಸಿರಾಗಿದ್ದೂ ತಡವಾಗಿ, ಬೀಜ ಕಟ್ಟಿದ ಮೇಲೆ ಕೊಯ್ದದ್ದಾದರೆ ಬರೀ ನಾರು. ತೆನೆ ನೋಡಿ, ಎಲೆ ನೋಡಿ, ಮೂಸಿ. ಹೊಗೆಸೊಪ್ಪಿನ ಬಣ್ಣ, ಸುಟ್ಟ ಸಕ್ಕರೆಯ ಸಿಹಿ ವಾಸನೆ ಇದ್ದರೆ ಒಳಗೇ ಬೆಂದ ಹುಲ್ಲು ಅದು. ಎಮ್ಮೆ ಖುಷಿಯಿಂದ ತಿನ್ನುತ್ತದೆ, ಆದರೆ ಪ್ರೋಟೀನಿನ ಒಂದಷ್ಟು ಭಾಗ ನಾರಿಗೆ ಅಂಟಿಕೊಂಡು ಸಗಣಿಯಲ್ಲೇ ಹೋಗುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಮಾತ್ರ ಕಚ್ಚಾ ಪ್ರೋಟೀನ್ ಚೆನ್ನಾಗೇ ಕಾಣಿಸುತ್ತದೆ, ಅದನ್ನು ತೋರಿಸಿ ಪೂರ್ತಿ ರೇಟು ಕೇಳಿದರೆ ಕೊಡಬೇಡಿ.