ಮನೋವೈದ್ಯರು ಕಥೋಲಿಕರೇ ಆಗಿರಬೇಕೆಂದಿಲ್ಲ

ಚರ್ಚಿನ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಕೋರುವ ಪಾಪನಿವೇದನೆ ಮಾಡಿ ಬಂದರೂ ಏನೋ ಬಿಟ್ಟುಹೋಯಿತೆಂಬ ಸಂಶಯ ಕಾಡುತ್ತಿದೆ, ಶಿವಮೊಗ್ಗದಲ್ಲಿ ಕಥೋಲಿಕ ಮನೋವೈದ್ಯರು ಇದ್ದಾರೆಯೇ ಎಂದು ಕೇಳಿದ್ದೀರಿ. ನಾನೂ ಹೀಗೆಯೇ ಹುಡುಕಿದವನು.

ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಚರ್ಚಿನ ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯಾದ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆ ನೀರು, ಔಷಧಿ ಬಿಟ್ಟು ಏನನ್ನೂ ಸೇವಿಸಬಾರದಲ್ಲವೇ? ಅಡಿಕೆಗೊನೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದಿನಿಂದ ಎದ್ದು ಬಲಿಪೂಜೆಗೆ ಹೋದರೆ, ತುಟಿಗೆ ಸಿಡಿದ ಅಡಿಕೆಯ ಚೂರನ್ನು ನುಂಗಿಬಿಟ್ಟೆನೇನೋ ಎಂಬ ಯೋಚನೆ ಹತ್ತಿಕೊಂಡು, ಪರಮಪ್ರಸಾದದ ಸಾಲಿನಲ್ಲಿ ನಿಂತವನು ಹಿಂದಕ್ಕೆ ಸರಿಯುತ್ತಿದ್ದೆ. ಅದನ್ನು ನಿವೇದಿಸಿದರೆ ವಿವರ ಸಾಲದೆಂಬ ಹೊಸ ಅನುಮಾನ ಹುಟ್ಟುತ್ತಿತ್ತು. ಬೇರೆ ಗುರುಗಳನ್ನು ಅರಸಿ ಹೊಸನಗರಕ್ಕೋ ಶಿವಮೊಗ್ಗಕ್ಕೋ ಬಸ್ಸು ಹತ್ತುತ್ತಿದ್ದೆ.

ಮನೆಯವರ ಒತ್ತಾಯಕ್ಕೆ ಮನೋವೈದ್ಯರಲ್ಲಿಗೆ ಹೋದಾಗಲೇ ನಾನು ಎಡವಿದ್ದು. ಅವರು ನಮ್ಮ ಧರ್ಮದವರಲ್ಲ ಎಂಬ ಒಂದೇ ಕಾರಣಕ್ಕೆ ನಿದ್ರೆ ಬರುವುದಿಲ್ಲ ಎಂದಷ್ಟೇ ಹೇಳಿದೆ. ಅದು ಸುಳ್ಳಾಗಿರಲಿಲ್ಲ, ಆದ್ದರಿಂದಲೇ ಮನಸ್ಸು ಚುಚ್ಚಲಿಲ್ಲ. ವಿಶ್ವಾಸವೇ ನಿನ್ನ ರೋಗ ಎಂದು ಅವರು ಹೇಳಿಬಿಟ್ಟಾರೆಂಬ ಭಯವಿತ್ತು; ಅವರು ಹಾಗೆ ಹೇಳುವವರೋ ಅಲ್ಲವೋ ಎಂದು ತಿಳಿಯುವ ಅವಕಾಶವನ್ನೂ ನಾನು ಕೊಡಲಿಲ್ಲ. ಅವರು ಕೇಳಿಸಿಕೊಂಡದ್ದಕ್ಕೆ ತಕ್ಕ ಮಾತ್ರೆ ಕೊಟ್ಟರು. ನಿದ್ರೆ ಬಂತು, ಬೆಳಗ್ಗೆ ನನ್ನೊಡನೆ ಸಂಶಯವೂ ಎದ್ದಿತು. ಆತ್ಮದ ವಿಷಯ ಮನಶ್ಶಾಸ್ತ್ರಕ್ಕೆ ನಿಲುಕದೆಂದು ತೀರ್ಮಾನಿಸಿ ಚಿಕಿತ್ಸೆಯನ್ನೇ ಬಿಟ್ಟೆ. ಆ ವರ್ಷದ ಕೊಯ್ಲಿನ ಉಸ್ತುವಾರಿಯೆಲ್ಲ ತಮ್ಮನ ಹೆಗಲಿಗೆ ಬಿತ್ತು.

ಒಬ್ಬ ಗುರುಗಳು, ಇನ್ನು ಮುಂದೆ ನನ್ನೊಬ್ಬನ ಬಳಿಗೇ ಬಾ, ವೈದ್ಯರಿಗೆ ಎಲ್ಲವನ್ನೂ ಹೇಳು ಎಂದು ಕಟ್ಟುನಿಟ್ಟಾಗಿ ಹೇಳಿದ ಮೇಲೆ ಅದೇ ವೈದ್ಯರಲ್ಲಿಗೆ ಮರಳಿ ಹೋದೆ. ಅಡಿಕೆ ಚೂರಿನ ಕಥೆ ಮುಗಿಯುವಷ್ಟರಲ್ಲಿ ಅವರು ಇದು ಗೀಳು ಕಾಯಿಲೆ (ಒಸಿಡಿ) ಎಂದರು. ಚಿಕಿತ್ಸೆಯ ಹೆಸರಿನಲ್ಲಿ ಪಾಪ ಮಾಡು ಎಂದು ಯಾರೂ ಹೇಳಲಿಲ್ಲ. ಮಾತ್ರೆಯ ಜೊತೆಗೆ, ಅನುಮಾನವನ್ನು ಪರಿಹರಿಸಿಕೊಳ್ಳದೆಯೇ ಸಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿಸಿದರು. ಇದು ಪಾಪವಲ್ಲ ಎಂದು ಬೇರೆಯವರಿಂದ ಪಡೆಯುವ ಪ್ರತಿಯೊಂದು ಸಮಾಧಾನವೂ ಗಳಿಗೆಯ ಮಟ್ಟಿಗೆ ಹಗುರ ಮಾಡಿ ಗೀಳನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಒಬ್ಬರೇ ಗುರುಗಳ ಮಾತಿಗೆ ಬದ್ಧನಾಗಿರು ಎಂಬ ಹಳೆಯ ಕಥೋಲಿಕ ನಿಯಮದ ಹಿಂದಿರುವುದೂ ಇದೇ ತಿಳಿವಳಿಕೆ ಎಂದು ನನಗನ್ನಿಸುತ್ತದೆ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ, ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರೂ ಹಿಂದಿನ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸುತ್ತ, ಸಾಯುವ ಯೋಚನೆಯವರೆಗೂ ಹೋಗಿದ್ದರು.

ಆದ್ದರಿಂದ ಕಥೋಲಿಕ ವೈದ್ಯರೇ ಬೇಕೆಂಬ ನಿಮ್ಮ ಷರತ್ತನ್ನು ನಾನು ಒಪ್ಪುವುದಿಲ್ಲ. ಅದು ಕಥೋಲಿಕ ಚಿಂತನೆಗೇ ಹೊಂದುವುದಿಲ್ಲ. ದೇವಕೃಪೆ ಮನುಷ್ಯ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂದವರು 13ನೆಯ ಶತಮಾನದ ಕಥೋಲಿಕ ದಾರ್ಶನಿಕ ಸಂತ ಥಾಮಸ್ ಅಕ್ವಿನಾಸ್. ಆತ್ಮ ಮತ್ತು ದೇಹ ಸೇರಿಯೇ ಒಬ್ಬ ಮನುಷ್ಯ ಎಂದು ನಂಬಿದ ಅವರು, ದುಃಖದ ಪರಿಹಾರಗಳಲ್ಲಿ ಸತ್ಯದ ಧ್ಯಾನದ ಜೊತೆಗೆ ಕಣ್ಣೀರು, ಗೆಳೆಯರ ಸಹಾನುಭೂತಿ, ನಿದ್ರೆ, ಸ್ನಾನಗಳನ್ನೂ ಹೆಸರಿಸಿದ್ದಾರೆ. (ನಮ್ಮ ಮಳೆಗಾಲದ ಹಂಡೆಸ್ನಾನ ಬಲ್ಲವರು ಇದಕ್ಕೆ ತಕರಾರು ತೆಗೆಯಲಾರರು.) ಗುರುಗಳ ಸೇವಾಕಾರ್ಯದಲ್ಲಿ ಮನಶ್ಶಾಸ್ತ್ರವನ್ನೂ ಬಳಸಿಕೊಳ್ಳಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ಸಮರ್ಥ ವೈದ್ಯರು ಯಾವ ಧರ್ಮದವರಾದರೂ ಹೋಗಿ, ಏನನ್ನೂ ಮುಚ್ಚಿಡಬೇಡಿ. ಹೋಗುವ ಮೊದಲೇ ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಕಳೆದ ವಾರದ ಪಾಪನಿವೇದನೆ ಸಿಂಧುವೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಇನ್ನೊಬ್ಬರನ್ನು ಕೇಳುತ್ತೀರಿ.